ಎರಡು ಕಾಲೇಜು, ಎಂಟಾಣೆ ಅಂಚೆ

ಅರವತ್ತರ ದಶಕದ ಅಲ್ಲಾಳಸಂದ್ರದಲ್ಲಿ ಪಿಯುಸಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದವನು ನಾನೊಬ್ಬನೇ. ಹಾಗಾಗಿ ನನಗೆ ಎಲ್ಲವೂ ಗೊತ್ತು ಎಂಬ ನಂಬಿಕೆ ಊರಿಗಿತ್ತು. ಊರಿಗಿಂತ ಹೆಚ್ಚಾಗಿ ನನಗಿತ್ತು!

ಎರಡು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸೀಟು ಸಿಕ್ಕಿತು. ಒಂದು ಬೆಂಗಳೂರು ಪೇಟೆಯಲ್ಲೇ. ಫೀಸು ಕಡಿಮೆ. ಯಲಹಂಕದಲ್ಲಿ ರೈಲು ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಅಲ್ಲಿ ಮೊದಲ ಕಂತು ಕಟ್ಟಿ ಹೆಸರನ್ನೂ ಬರೆಸಿಯಾಗಿತ್ತು. ಇನ್ನೊಂದು ಉತ್ತರದ ಕಡೆ, ಎರಡು ದಿನದ ರೈಲು ದಾರಿ. ಹೆಸರು ಬಹಳ ದೊಡ್ಡದು, ಹಾಸ್ಟೆಲ್ಲಿನಲ್ಲಿ ಇರಬೇಕು, ಖರ್ಚು ಕೇಳಿದರೆ ಎದೆ ಧಸಕ್ಕೆನ್ನಬೇಕು. ಸೇರುವುದಾದರೆ ಹದಿನೈದು ದಿನದೊಳಗೆ ಒಪ್ಪಿಗೆ ಬರೆಯಿರಿ ಎಂದು ಅವರು ತಿಳಿಸಿದ್ದರು.

ಅಮ್ಮನದು ಪೇಟೆ ಕಾಲೇಜಿನ ಪಕ್ಷ. ಬೆಳಿಗ್ಗೆ ಬಿಸಿ ಮುದ್ದೆ ತಿಂದು ಹೋಗಬಹುದು ಎಂಬುದು ಅವಳ ಒಂದೇ ವಾದ. ಊರಿನವರು ಒಟ್ಟಾಗಿ ಇನ್ನೊಂದು ಪಕ್ಷ. ಬುತ್ತಿ ಕಟ್ಟಿಕೊಂಡು ಹೋಗಿ ಬರುವುದು ಕೂಲಿಗೆ, ಕಾಲೇಜು ಅಂದಮೇಲೆ ಟ್ರಂಕು ಹೊತ್ತುಕೊಂಡು ಹೋಗಬೇಕು ಎಂದು ಅರಳೀಕಟ್ಟೆಯಲ್ಲಿ ತೀರ್ಮಾನವಾಯಿತು. ನಾನೂ ಆ ಪಕ್ಷವೇ. ಟ್ರಂಕಿನ ಮೇಲೆ ಹೆಸರು ಕೂಡ ಬರೆಸಿಬಿಟ್ಟಿದ್ದೆ.

ಅಪ್ಪ ಎರಡು ದಿನ ತೋಟದಲ್ಲೇ ಸುತ್ತಾಡಿದರು. ಮೂರನೆಯ ದಿನ ಹೆಬ್ಬಾಳದ ಹಣ್ಣಿನ ವ್ಯಾಪಾರಿಯನ್ನು ಕಂಡು ಬಂದರು. ನಾನು ಓದಿ ಮುಗಿಸುವ ತನಕ, ಅಂದರೆ ಐದು ವರ್ಷ, ನಮ್ಮ ದ್ರಾಕ್ಷಿ ತೋಟ ಅವನಿಗೆ ಗುತ್ತಿಗೆ. ಅಪ್ಪ ಬಾವಿ ತೋಡಿ, ಚಪ್ಪರ ಕಟ್ಟಿ ಬೆಳೆಸಿದ ತೋಟ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಟ್ರಂಕು ಒರೆಸಿದೆ.

ಅಪ್ಪ ಅಂಚೆ ಖರ್ಚಿಗೆಂದು ಎಂಟಾಣೆ ಕೊಟ್ಟರು. ನಾನು ಇಂಗ್ಲಿಷಿನಲ್ಲಿ ಎರಡು ಕಾಗದ ಬರೆದೆ. ದೊಡ್ಡ ಕಾಲೇಜಿಗೆ ಒಪ್ಪಿಗೆ. ಪೇಟೆ ಕಾಲೇಜಿಗೆ ನನ್ನ ಹೆಸರು ಹೊಡೆದುಹಾಕಿ ಎಂಬ ಆಜ್ಞೆ. ಎರಡನೆಯದರಲ್ಲಿ ನನ್ನ ಪಾಂಡಿತ್ಯವೆಲ್ಲ ಸುರಿದಿದ್ದೆ. "ತಮ್ಮ ಕಾಲೇಜು ಚಿಕ್ಕದೆಂದು ನಾನು ಹೇಳುವುದಿಲ್ಲ, ನನ್ನ ಯೋಗ್ಯತೆ ಸ್ವಲ್ಪ ದೊಡ್ಡದು. ನನ್ನ ತಂದೆಯವರು ದೊಡ್ಡ ಜಮೀನುದಾರರಾದುದರಿಂದ ಖರ್ಚಿನ ವಿಚಾರ ನಮಗೆ ಲೆಕ್ಕಕ್ಕಿಲ್ಲ." ಲಕೋಟೆಯ ಹಿಂದೆ ವಿಳಾಸ ಬರೆದು, ಹೆಸರಿನ ಮುಂದೆ ಬಿ.ಇ. ಎಂದೂ ಸೇರಿಸಿದೆ. ಇನ್ನೂ ಒಂದು ಕ್ಲಾಸಿನಲ್ಲೂ ಕೂತಿರಲಿಲ್ಲ!

ಇನ್ನು ಸ್ಟಾಂಪಿನ ವಿಷಯ. ಮುಖ್ಯವಾದ ಕಾಗದಕ್ಕೆ ಸ್ಟಾಂಪು ಅಂಟಿಸಬಾರದು ಎನ್ನುವುದು ನಮ್ಮ ಕಡೆ ಎಲ್ಲರಿಗೂ ತಿಳಿದ ಗುಟ್ಟು. ಸ್ಟಾಂಪು ಅಂಟಿಸಿದರೆ ಅಂಚೆಯವರಿಗೆ ದುಡ್ಡು ಮೊದಲೇ ಸೇರಿತು, ಕಾಗದ ಮುಟ್ಟಿದರೆಷ್ಟು ಬಿಟ್ಟರೆಷ್ಟು. ಅಂಟಿಸದೆ ಬೇರಿಂಗ್ ಕಳಿಸಿದರೆ, ತಗೊಳ್ಳುವವರ ಹತ್ತಿರ ಎರಡರಷ್ಟು ವಸೂಲು ಮಾಡಬೇಕಲ್ಲ, ಹುಡುಕಿಕೊಂಡು ಹೋಗಿ ಕೊಟ್ಟೇ ಕೊಡುತ್ತಾರೆ. ಚಿಕ್ಕಪ್ಪನ ಕಾಗದಗಳೆಲ್ಲ ಹಾಗೇ ಬರುತ್ತಿದ್ದವು, ಒಂದೂ ತಪ್ಪಿರಲಿಲ್ಲ. ಎರಡನ್ನೂ ಬರಿ ಮೈಯಲ್ಲಿ ಡಬ್ಬಿಗೆ ಹಾಕಿದೆ. ಉಳಿದ ಎಂಟಾಣೆಗೆ ಯಲಹಂಕ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಕಾಫಿ ಕುಡಿದೆ. ದೋಸೆ ಚೆನ್ನಾಗಿತ್ತು.

ಮೂರು ವಾರದ ಮೇಲೆ ದೊಡ್ಡ ಕಾಲೇಜಿನಿಂದ ಒಂದು ಕಾರ್ಡು ಬಂತು. ತಮ್ಮಿಂದ ಉತ್ತರ ಬಾರದ ಕಾರಣ ಸೀಟನ್ನು ಬೇರೊಬ್ಬರಿಗೆ ಕೊಡಲಾಗಿದೆ!

ಕಾರ್ಡನ್ನು ಎರಡು ಸಲ ಓದಿದೆ. ಉತ್ತರ ಬಾರದ ಕಾರಣವೇ? ಬೇರಿಂಗ್ ಕಾಗದ ಮುಟ್ಟಲಿಲ್ಲವೇ? ಮರುಗಳಿಗೆಗೆ ಇನ್ನೊಂದು ಹೊಳೆಯಿತು. ಪೇಟೆ ಕಾಲೇಜಿನ ಸೀಟನ್ನು ನಾನೇ ಕೈಯಾರೆ ಕಳೆದುಕೊಂಡಿದ್ದೇನೆ. ಅಲ್ಲಿಗೆ ಎರಡೂ ಹೋಯಿತು! ಸೋಮವಾರ ಅಪ್ಪ ಗುತ್ತಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವರಿದ್ದರು. ಮನೆಯಲ್ಲಿ ಯಾರಿಗೂ ಹೇಳದೆ ಪೇಟೆಗೆ ಓಡಿದೆ.

ಕಾಲೇಜಿನ ಆಫೀಸಿನಲ್ಲಿ ಒಬ್ಬ ಗುಮಾಸ್ತರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಬರೆಯುತ್ತಿದ್ದರು. ಅವರು ತಲೆ ಎತ್ತುವ ಮೊದಲೇ ಕೈಮುಗಿದು ಶುರು ಮಾಡಿದೆ. ಬುದ್ಧಿಯಿಲ್ಲದೆ ಬರೆದೆ, ಕಾಲೇಜು ಚಿಕ್ಕದಲ್ಲ, ನನ್ನ ಯೋಗ್ಯತೆಯೂ ದೊಡ್ಡದಲ್ಲ, ನಮ್ಮಪ್ಪ ಜಮೀನುದಾರರೂ ಅಲ್ಲ ಎಂದು ಇಡೀ ಕಾಗದವನ್ನು ಸಾಲು ಸಾಲಾಗಿ ವಾಪಸು ತಗೊಂಡೆ. ಸುತ್ತ ಕೂತಿದ್ದವರೆಲ್ಲ ಪೆನ್ನು ಕೆಳಗಿಟ್ಟು ಕೇಳಿದರು.

"ಯಾವ ಕಾಗದಾರೀ?" ಅಂದರು ಗುಮಾಸ್ತರು.

ಬೇರಿಂಗ್‌ನಲ್ಲಿ ಕಳಿಸಿದ್ದೆ ಎಂದೆ.

"ಬೇರಿಂಗ್ ಕಾಗದ ನಾವು ತಗೊಳ್ಳೋದೇ ಇಲ್ಲ ಕಣ್ರೀ. ಯಾವ ಆಫೀಸಲ್ಲೂ ತಗೊಳ್ಳಲ್ಲ. ಹಾಗೇ ವಾಪಸ್ ಕಳಿಸ್ತೀವಿ." ರಿಜಿಸ್ಟರು ತೆಗೆದು ಬೆರಳಿಟ್ಟು ತೋರಿಸಿದರು. ನನ್ನ ಹೆಸರು ಮಲ್ಲಿಗೆ ಹೂವಿನ ಹಾಗೆ ಅಲ್ಲೇ ಇತ್ತು. "ನಾಳಿದ್ದು ಸೋಮವಾರ ಕ್ಲಾಸು ಶುರು. ಆದ್ರೂ ಆ ಯೋಗ್ಯತೆ ಸಾಲು ಇನ್ನೊಂದ್ಸಲ ಹೇಳಿ, ನಮ್ಮ ಹೆಡ್ ಕ್ಲರ್ಕ್ ಕೇಳಿಸ್ಕೊಳ್ಲಿಲ್ಲ."

ಹೇಳಿದೆ. ಹೇಳದೆ ಏನು ಮಾಡಲಿ? ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ! ಮುಂದಿನ ಐದು ವರ್ಷ ಆ ಆಫೀಸಿನಲ್ಲಿ ನನ್ನ ಹೆಸರೇ ಯೋಗ್ಯತೆ.

ಸೀಟು ಉಳಿಯಿತಲ್ಲ ಎಂದು ಹಗುರವಾಗಿ ಮನೆಗೆ ಬಂದರೆ, ಜಗಲಿಯ ಮೇಲೆ ಅಪ್ಪ, ಪಕ್ಕದಲ್ಲಿ ಅಂಚೆಯ ರಾಮಯ್ಯ. ಅಪ್ಪನ ಕೈಯಲ್ಲಿ ನನ್ನ ಎರಡು ಲಕೋಟೆ. ಪೇಟೆ ಕಾಲೇಜಿನದು ಒಂದು ವಾರದಿಂದ ಅಂಚೆ ಕಚೇರಿಯಲ್ಲೇ ಬಿದ್ದಿತ್ತಂತೆ, ಇನ್ನೊಂದು ಅವತ್ತು ಬಂದಿತ್ತು. ಕಳಿಸಿದವರೇ ಕೊಡಬೇಕು ಎಂದು ರಾಮಯ್ಯ ಎರಡಕ್ಕೂ ಎರಡರಷ್ಟು ಕಾಸು ಅಪ್ಪನ ಹತ್ತಿರ ವಸೂಲು ಮಾಡಿದ್ದ. ಬೇರಿಂಗ್ ಕಾಗದ ಎಂದೂ ತಪ್ಪುವುದಿಲ್ಲ ಎಂಬ ಮಾತು ನಿಜವೇ ಆಯಿತು!

"ದುಡ್ ಕೊಟ್ಟಿವ್ನಿ. ಏನ್ ಬರ್ದಿದ್ದೀಯ ಓದ್ಲಾ, ಕೇಳಾನ," ಅಂದರು ಅಪ್ಪ.

ಇಂಗ್ಲಿಷ್ ಕಾಗದ, ಬಾಯಿಗೆ ಬಂದದ್ದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ರಾಮಯ್ಯನಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು, ಅವನು ಹೋಗುವ ಲಕ್ಷಣವೂ ಇರಲಿಲ್ಲ. ಓದಿದೆ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಜಮೀನುದಾರರ ಸಾಲನ್ನು ಕಾಗದದ ಹಿಂದೆ ಮುಖ ಮರೆಸಿಕೊಂಡು ಹೇಳಿದೆ. ಇದ್ದ ಒಂದೇ ತೋಟ, ಅದನ್ನೂ ನನಗಾಗಿ ಕೈಬಿಡಲು ಹೊರಟಿದ್ದ ಮನುಷ್ಯ ಎದುರಿಗೇ ಕೂತಿದ್ದರು. ನಾಚಿಕೆಯಿಂದ ಸತ್ತೆ. ದೊಡ್ಡ ಸೀಟು ಹೋಯಿತು, ಪೇಟೆ ಸೀಟು ಉಳಿಯಿತು ಎಂದು ಉಳಿದದ್ದನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ.

ಅಪ್ಪ ಲಕೋಟೆ ತಿರುಗಿಸಿ, ಸ್ಟಾಂಪಿಲ್ಲದ ಮೂಲೆಯ ಮೇಲೆ ಬೆರಳಿಟ್ಟರು.

"ನಾನು ಅಷ್ಟ್ ದೊಡ್ ಜಮೀನ್ದಾರ್ ಆಗಿದ್ರೆ, ಎಲ್ಡು ಸ್ಟಾಂಪ್ ಅಂಟ್ಸಕ್ಕೆ ಏನ್ಲಾ ದಾಡಿ ನಿಂಗೆ? ಎಂಟಾಣೆ ಕೊಟ್ಟಿದ್ನಲ್ಲ, ಏನ್ ಮಾಡ್ದೆ?"

"ಮಸಾಲೆ ದೋಸೆ ತಿಂದೆ ಅಪ್ಪ."

ಅಪ್ಪ ಒಳಗೆ ತಿರುಗಿ ಅಮ್ಮನಿಗೆ, ಸೋಮವಾರದಿಂದ ಇವನಿಗೆ ಬುತ್ತಿ ಕಟ್ಟು, ಹೆಬ್ಬಾಳದವನಿಗೆ ಬರಬೇಡ ಅಂತ ಹೇಳಿ ಬರ್ತೀನಿ ಎಂದು ಹೇಳಿ ಎದ್ದರು. ಹೋಗುವಾಗ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅದು ಅಳುವೋ ನಗುವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇಂಜಿನಿಯರ್ ಆದೆ, ತೋಟವೂ ಉಳಿಯಿತು. ಆ ಕಾಲೇಜನ್ನೇ ಯಾಕೆ ಆರಿಸಿಕೊಂಡಿರಿ ಎಂದು ಮಕ್ಕಳು ಕೇಳಿದಾಗಲೆಲ್ಲ ಖರ್ಚು, ಮರ್ಯಾದೆ ಎರಡನ್ನೂ ತೂಗಿ ನೋಡಿದೆ ಎಂದು ಗಂಭೀರವಾಗಿ ಹೇಳುತ್ತೇನೆ. ಆರಿಸಿದ್ದು ನಾನಲ್ಲ, ಆ ದೋಸೆ.