ಗೂಬೆಯ ಬ್ಲೂಟೂತ್

ಊರೆಲ್ಲ ಎದ್ದು ಹಲ್ಲುಜ್ಜುವ ಹೊತ್ತಿಗೆ ಹಾಸಿಗೆ ಹಾಸಿಕೊಳ್ಳುವವನನ್ನು ಜನ ಇನ್ನೇನೆಂದು ಕರೆಯಬೇಕು? ಆ ಕಟ್ಟಡದಲ್ಲಿ ಅವನಿಗೆ ಗೂಬೆ ಎಂದೇ ಹೆಸರು. ಪತ್ರಿಕೆಯೊಂದರ ಅಚ್ಚುಮನೆಯಲ್ಲಿ ರಾತ್ರಿ ಪಾಳಿ, ಪ್ರೂಫ್ ನೋಡುವ ಕೆಲಸ. ಬೇರೆಯವರ ತಪ್ಪು ಹುಡುಕುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಹೆಂಡತಿ ಆಗಾಗ ಹಂಗಿಸುತ್ತಿದ್ದಳು. ಮನೆಯಲ್ಲಿ ಆ ಕೆಲಸವನ್ನು ಅವಳು ಪುಕ್ಕಟೆ ಮಾಡುತ್ತಿದ್ದಳು.

ಗೂಬೆಗೆ ಹಗಲಿನ ಬೆಳಕಿನಿಂದ ಏನೂ ತೊಂದರೆ ಇರಲಿಲ್ಲ. ದಪ್ಪ ಪರದೆ ಎಳೆದರೆ ಸೂರ್ಯ ತೆಪ್ಪಗಿರುತ್ತಿದ್ದ. ತೆಪ್ಪಗಿರದಿದ್ದದ್ದು ಮೇಲಿನ ಮನೆಯ ಸ್ಪೀಕರ್. ಅಲ್ಲಿ ಟೀಚರಮ್ಮ ಹತ್ತಾರು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಇವನ ಕಣ್ಣಿಗೆ ಇನ್ನೇನು ಜೋಂಪು ಹತ್ತಿತು ಅನ್ನುವಾಗ ಮೇಲಿನಿಂದ ಡಬ್ ಡಬ್ ಎಂದು ಹಾಡು ಶುರುವಾಗುತ್ತಿತ್ತು. ಬೆಚ್ಚಿ ಎದ್ದು ಕೂರುತ್ತಿದ್ದ. ಒಮ್ಮೆ ಹೋಗಿ ಕೈಮುಗಿದು ಕೇಳಿಯೂ ಆಗಿತ್ತು. ಟೀಚರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಾವೂ ಬದುಕಬೇಕಲ್ಲ ಸಾರ್" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಿದ್ದರು. ಕೊಬ್ಬು ಅಂದರೆ ಇದೇ ಎಂದು ಗೂಬೆ ಹಲ್ಲು ಕಡಿದಿದ್ದ.

ನಿದ್ದೆಗೆಟ್ಟ ಕಣ್ಣು ಏನು ತಾನೇ ನೋಡೀತು? ಈಚೆಗೆ ಅವನ ಪುಟದಲ್ಲಿ ಮದುವೆಯ ಶುಭಾಶಯದ ಕೆಳಗೆ ದಿವಂಗತರೊಬ್ಬರ ಫೋಟೊ, ಶ್ರದ್ಧಾಂಜಲಿಯ ಕೆಳಗೆ ಮದುಮಗನ ಫೋಟೊ ಬಂದುಬಿಟ್ಟಿತ್ತು. ದಿವಂಗತರ ಮನೆಯವರು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದರು. ಮದುಮಗನ ಮಾವ ಮಾತ್ರ ಅಚ್ಚುಮನೆಗೇ ಬಂದು ಮೇಜು ಕುಟ್ಟಿದರು. ಇನ್ನೊಂದು ತಪ್ಪಾದರೆ ಮನೆಗೆ ಕಳಿಸುವುದೇ ಸೈ ಎಂದು ಫೋರ್ಮನ್ ಹೇಳಿಬಿಟ್ಟಿದ್ದ. ಅದೂ ಸಾಲದೆಂಬಂತೆ ಈ ರಾತ್ರಿ ವಿಶೇಷ ಸಂಚಿಕೆ. ಮಾಲೀಕರು ಸ್ವತಃ ಬಂದು ಕೂರುವವರಿದ್ದರು. ಇವತ್ತೊಂದು ಹಗಲು ನಿದ್ದೆಯಾಗದಿದ್ದರೆ ಕೆಲಸ ಹೋದಂತೆಯೇ ಲೆಕ್ಕ.

ಹಾಗಾಗಿ ಗೂಬೆ ಆ ಬೆಳಿಗ್ಗೆ ಮನೆಗೆ ಹೋಗುವ ಮೊದಲು ಕಟ್ಟಡದ ತುದಿಯಲ್ಲಿದ್ದ ಮೊಬೈಲ್ ಅಂಗಡಿಗೆ ಹೋದ. ಅಂಗಡಿಯವನನ್ನು ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು. ಅವನ ಕೈಗೆ ಸಿಕ್ಕ ಫೋನುಗಳಲ್ಲಿ ಕೆಲವು ಬದುಕುತ್ತಲೂ ಇದ್ದವು. ಸ್ಪೀಕರಿನ ಬಾಯಿ ಮುಚ್ಚಿಸುವ ದಾರಿ ಕೇಳಿದರೆ ಡಾಕ್ಟ್ರು ಬ್ಲೂಟೂತಿನ ಹುಟ್ಟಿನಿಂದಲೇ ಪುರಾಣ ತೆಗೆದ. ಹಿಂದೆ ಎಲ್ಲೋ ಒಬ್ಬ ರಾಜನಿದ್ದನಂತೆ. ಅವನ ಒಂದು ಹಲ್ಲು ಕೆಟ್ಟು ನೀಲಿಯಾಗಿತ್ತಂತೆ. ಕಚ್ಚಾಡುತ್ತಿದ್ದ ಜನರನ್ನೆಲ್ಲ ಅವನು ಒಂದು ಮಾಡಿದ. ಒಂದಕ್ಕೊಂದು ಮಾತಾಡದ ಯಂತ್ರಗಳನ್ನು ತಂತಿಯಿಲ್ಲದೆ ಮಾತಾಡಿಸುತ್ತದೆಂದು ಇದಕ್ಕೂ ಅವನದೇ ಹೆಸರಿಟ್ಟರು.

"ಹಲ್ಲು ಕೆಟ್ಟವನ ಹೆಸರಿಟ್ಟರೆ ನನ್ನ ನಿದ್ದೆ ಕೆಡದೆ ಇನ್ನೇನಾಗುತ್ತೆ?" ಎಂದ ಗೂಬೆ. "ಈಗ ನಾನೇನು ಮಾಡ್ಲಿ, ಅದನ್ನ ಹೇಳು."

"ಇದು ಬಸ್ ಸೀಟಿಗೆ ಟವಲ್ ಹಾಕಿದ ಹಾಗೆ ಸಾರ್. ಸ್ಪೀಕರ್ ಆನ್ ಆದ ತಕ್ಷಣ ಯಾರ ಫೋನ್ ಮೊದಲು ಹಿಡಿಯುತ್ತೋ ಸೀಟು ಅವರದು. ಆಮೇಲೆ ಇನ್ನೊಬ್ಬರಿಗೆ ಜಾಗ ಇಲ್ಲ. ನೀವು ಮೊದಲು ಹಿಡಿದು ಏನೂ ಹಾಕದೆ ಸುಮ್ಮನಿದ್ದುಬಿಡಿ. ಹತ್ತು ಹೆಜ್ಜೆಯ ಆಚೆ ಮಾತ್ರ ಹೋಗಬೇಡಿ, ಬಿಟ್ಟುಹೋಗುತ್ತೆ."

ಗೂಬೆ ಹಾಸಿಗೆಯ ಮೇಲೆ ಬೇಟೆಗಾರನಂತೆ ಕೂತ. ಕೂತಲ್ಲೇ ಒಮ್ಮೆ ಜೋಂಪು ಹತ್ತಿತು. ಅಷ್ಟರಲ್ಲಿ ಮೇಲೆ ಸ್ಪೀಕರ್ 'ಟುಣ್' ಎಂದು ಕಣ್ಣು ಬಿಟ್ಟದ್ದೇ ತಡ, ಫೋನಿನಲ್ಲಿ ಮೂಡಿದ ಹೆಸರನ್ನು ಒತ್ತಿಯೇ ಬಿಟ್ಟ. ಮೇಲೆ ಅತ್ತಿಂದಿತ್ತ ಹೆಜ್ಜೆ ಸಪ್ಪಳ, ಸ್ಪೀಕರಿನ ತಲೆಗೆ ತಟ್ಟಿದ ಸದ್ದು, ಅಷ್ಟೆ. ಹಾಡಿಲ್ಲ. ಎಷ್ಟೋ ದಿನಗಳ ಮೇಲೆ ಸೀಲಿಂಗು ಬರೀ ಸೀಲಿಂಗಾಗಿತ್ತು. ಅವನಿಗೆ ಸಂತೋಷದಿಂದ ಕಣ್ಣಲ್ಲಿ ನೀರೇ ಬಂತು. ಮಗುವಿನಂತೆ ಮಗ್ಗುಲಾದ.

ಎಷ್ಟು ಹೊತ್ತು ಮಲಗಿದ್ದನೋ, ಎಚ್ಚರವಾದಾಗ ಫೋನಿನ ಮೇಲೆ ಫೋರ್ಮನ್ನಿನ ಹೆಸರು ಮಿನುಗುತ್ತಿತ್ತು. ಎತ್ತಿ ಹಲೋ ಎಂದರೆ ಉತ್ತರವಿಲ್ಲ. ಮತ್ತೆ ಹಲೋ ಎಂದ. ಉತ್ತರ ಬಂತು, ಆದರೆ ಸೀಲಿಂಗಿನಿಂದ. ಸ್ಪೀಕರನ್ನು ಹಿಡಿದುಕೊಂಡ ಮೇಲೆ ತನ್ನ ಫೋನಿನ ಕಿವಿ, ಬಾಯಿ ಎರಡೂ ಮೇಲಿದ್ದ ಆ ಸ್ಪೀಕರಿಗೇ ಹೋಗುತ್ತವೆ ಎಂಬುದನ್ನು ಡಾಕ್ಟ್ರು ಹೇಳಿರಲಿಲ್ಲ.

"ಏನಯ್ಯಾ ಅದು, ಹುಡುಗೀರು ನಗೋ ಸದ್ದು?" ಫೋರ್ಮನ್ ಮೇಲಿನ ಮನೆಯಲ್ಲಿ ಗುಡುಗಿದ. "ರಾತ್ರಿ ಮಾಲೀಕರು ಬರ್ತಿದ್ದಾರೆ, ನೀನು ಹಗಲೆಲ್ಲ ಹೆಂಗಸರ ಮಧ್ಯೆ ಕೂತಿದ್ದೀಯಾ? ತಪ್ಪಾಗಲಿ ಇವತ್ತು, ನೋಡ್ಕೊತೀನಿ."

ಕೆಳಗೆ ಗೂಬೆ ಗಂಟಲು ಹರಿಯುವಂತೆ ಇಲ್ಲ ಸಾರ್, ಮಲಗಿದ್ದೆ ಸಾರ್ ಎಂದು ಬಡಬಡಿಸಿದ. ಅದು ಯಾರಿಗೂ ಮುಟ್ಟಲಿಲ್ಲ. ಮೇಲಿನ ಹುಡುಗಿಯರು ಯಾರೋ ತಮ್ಮ ಹೊಲಿಗೆಯ ತಪ್ಪಿಗೇ ಗದರುತ್ತಿದ್ದಾರೆಂದು ತಿಳಿದು ಮಿಷನ್ ಬಿಟ್ಟು ಎದ್ದರು. ಫೋನ್ ಆಫ್ ಮಾಡಿದರೆ ಹಾಡು ಶುರು, ಮಾಡದಿದ್ದರೆ ಮರ್ಯಾದೆ ಹರಾಜು. ಗೂಬೆ ತಲೆ ಮೇಲೆ ಕೈಹೊತ್ತು ಕೂತ.

ಅಷ್ಟರಲ್ಲಿ ಟೀಚರಮ್ಮ ಸ್ಪೀಕರನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿಯುವುದು ಕೇಳಿಸಿತು. ಡಾಕ್ಟ್ರ ಅಂಗಡಿಗೇ ಹೊರಟಿದ್ದರು. ಅಂಗಡಿ ಇದ್ದದ್ದು ಕಟ್ಟಡದ ಆ ತುದಿಯಲ್ಲಿ. ಹತ್ತು ಹೆಜ್ಜೆ ದಾಟಿದರೆ ಸ್ಪೀಕರ್ ಇವನ ಕೈತಪ್ಪಿ ಟೀಚರಮ್ಮನ ಫೋನಿಗೆ ಅಂಟಿಕೊಳ್ಳುತ್ತದೆ, ಹಾಡುತ್ತದೆ, ನೆಟ್ಟಗಿದೆಯೆಂದು ಅವರು ವಾಪಸು ಹೊತ್ತು ತರುತ್ತಾರೆ. ಗೂಬೆ ಇದ್ದ ಬನಿಯನ್ನಿನಲ್ಲೇ, ಒಂದು ಕಾಲಿಗೆ ತನ್ನ ಚಪ್ಪಲಿ ಇನ್ನೊಂದಕ್ಕೆ ಹೆಂಡತಿಯದು ಸಿಕ್ಕಿಸಿಕೊಂಡು ಬೆನ್ನು ಹತ್ತಿದ. ಅಂಗಡಿಯ ಪಕ್ಕದಲ್ಲಿ ನಿಂತಿದ್ದ ಹಾಲಿನ ವ್ಯಾನಿನ ಹಿಂದೆ ಅವಿತುಕೊಂಡ.

ಅವಿತುಕೊಂಡವರನ್ನು ಕಂಡುಹಿಡಿಯುವುದಕ್ಕೆಂದೇ ಹುಟ್ಟಿದ ಒಬ್ಬರು ಎಲ್ಲ ಕಟ್ಟಡಗಳಲ್ಲೂ ಇರುತ್ತಾರೆ. ಇಲ್ಲಿ ಅವರು ನಿವಾಸಿಗಳ ಸಂಘದ ಕಾರ್ಯದರ್ಶಿ. ಹೆಂಗಸರ ಹಿಂದೆ ಬನಿಯನ್ನಿನಲ್ಲಿ ಫೋನ್ ಹಿಡಿದು ಬರುವುದೆಂದರೇನು, ಇದು ಮರ್ಯಾದಸ್ಥರ ಕಟ್ಟಡ ಎಂದು ಅವರು ಪಿಸುಮಾತಿನಲ್ಲೇ ಊರಿಗೆಲ್ಲ ಕೇಳುವಂತೆ ವಿಚಾರಣೆ ತೊಡಗಿದರು. ಗೂಬೆ ಗಾಳಿಗೆ ಬಂದೆ ಎಂದ. ವ್ಯಾನಿನ ಹಿಂದೆ ಯಾವ ಗಾಳಿ ಎಂದು ಅವರು ಕೇಳಿದರು. ಡಾಕ್ಟ್ರು ಅತ್ತ ನೋಡಿದ, ವಿಷಯ ಹೊಳೆಯಿತು. ನಗು ತಡೆಯಲು ಸ್ಪೀಕರನ್ನು ಬಿಚ್ಚುವವನಂತೆ ತಲೆ ತಗ್ಗಿಸಿಕೊಂಡ. ಒಳಗೆ ಏನೋ ಸುಟ್ಟಿರಬೇಕು ಎಂದು ಟೀಚರಮ್ಮನಿಗೆ ಹೇಳಿಯೂ ಬಿಟ್ಟ.

ಟೀಚರಮ್ಮನ ಮುಖ ಬಾಡಿತು. ಯಾರಿಗೋ ಫೋನ್ ಮಾಡಿ, ಸ್ಪೀಕರ್ ಕೆಟ್ಟಿದೆ, ಬೆಳಿಗ್ಗೆಯಿಂದ ಒಂದು ಕಾಲರೂ ನೆಟ್ಟಗೆ ಹೊಲಿದಿಲ್ಲ, ಮಕ್ಕಳು ಕ್ಲಾಸೇ ಬಿಡುತ್ತೇವೆ ಅನ್ನುತ್ತಿದ್ದಾರೆ ಎಂದು ಅಲವತ್ತುಕೊಂಡರು. ವ್ಯಾನಿನ ಹಿಂದೆ ಗೂಬೆಯ ಮನಸ್ಸು ತಣ್ಣಗಾಯಿತು. ಸುಟ್ಟಿತಂತೆ! ಇನ್ನು ಮನೆಗೆ ಹೋಗಿ ಸಂಜೆಯವರೆಗೂ ಹೊದ್ದು ಮಲಗಬಹುದು, ರಾತ್ರಿ ಮಾಲೀಕರ ಎದುರು ಒಂದು ಚುಕ್ಕಿಯೂ ತಪ್ಪದಂತೆ ಪುಟ ನೋಡಬಹುದು.

ಅಷ್ಟರಲ್ಲಿ ಅವನ ಫೋನು ನಡುಗಿತು. ಕಾರ್ಯದರ್ಶಿ ಕೈ ಹಿಡಿದುಕೊಂಡಿದ್ದರಿಂದ ಗಾಬರಿಯಲ್ಲಿ ಬೆರಳು ಹಸಿರು ಗುಂಡಿಯ ಮೇಲೇ ಜಾರಿತು. ಸುಟ್ಟುಹೋಗಿದ್ದ ಸ್ಪೀಕರ್ ಗಟ್ಟಿಯಾಗಿ ಮಾತಾಡಿತು.

"ರೀ, ಮಲಗಿದ್ದೀರಾ? ಮೊದಲು ಏಳಿ."

ಕೆಲಸಕ್ಕೆ ಹೋಗಿದ್ದ ಹೆಂಡತಿಯ ದನಿ. ಡಾಕ್ಟ್ರು ಸ್ಪೀಕರನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಟೀಚರಮ್ಮ ಬಗ್ಗಿ ನೋಡಿದರು, ವ್ಯಾನಿನ ಮರೆಯಲ್ಲಿ ಬನಿಯನ್ ಕಂಡಿತು.

"ಟೀಚರಮ್ಮ ಈಗ ಫೋನ್ ಮಾಡಿದ್ರು. ಸ್ಪೀಕರ್ ಕೆಟ್ಟಿದೆಯಂತೆ. ನಿಮ್ಮ ಗೊರಕೆ ತಡೀಲಾರದೆ ಕ್ಲಾಸಿನವರೆಲ್ಲ ಸಂಘಕ್ಕೆ ದೂರು ಕೊಡೋಕೆ ಹೊರಟಿದ್ರು ಅಂತ, ನಾನೇ ಕೈಕಾಲು ಹಿಡಿದು ಆ ಸ್ಪೀಕರ್ ಕೊಡಿಸಿದ್ದೆ. ನಿಮ್ಮ ಗೊರಕೆ ಶುರುವಾದಾಗ ಹಾಡು ಹಾಕ್ಕೊಳ್ಳಿ ಅಂತ ಅವರಿಗೆ ಹೇಳಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ. ಈಗ ಅದು ರಿಪೇರಿ ಆಗೋವರೆಗೂ ದಯವಿಟ್ಟು ಮಲಗಬೇಡಿ. ಕೇಳಿಸ್ತಾ?"

ಇಡೀ ಬೀದಿಗೆ ಕೇಳಿಸಿತ್ತು. ಟೀಚರಮ್ಮ ಸ್ಪೀಕರಿನತ್ತ ಬಾಗಿ, "ಕೇಳಿಸಿತು ಅಕ್ಕ, ಇಲ್ಲೇ ಇದ್ದಾರೆ" ಎಂದರು.

ಗೂಬೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬನಿಯನ್ನಿಗಿಂತ ದೊಡ್ಡ ಅಪರಾಧ ಸಿಕ್ಕ ಖುಷಿಯಲ್ಲಿ ಕಾರ್ಯದರ್ಶಿ ಅವನ ಕೈ ಬಿಟ್ಟು, ಗೋಡೆಯಾಚೆ ತಮಗೂ ಆ ಸದ್ದು ಕೇಳುತ್ತಿತ್ತು, ಇಷ್ಟು ದಿನ ನೀರಿನ ಪಂಪು ಎಂದುಕೊಂಡಿದ್ದೆ ಎಂದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಗೂಬೆ ಎಲ್ಲರ ಕಣ್ಣೆದುರೇ ಫೋನು ತೆಗೆದು, ಸ್ಪೀಕರಿನ ಮೇಲೆ ತಾನು ಹಾಕಿದ್ದ ಟವಲನ್ನು ತಾನೇ ಎತ್ತಿದ. ಮರುಕ್ಷಣ ಟೀಚರಮ್ಮನ ಫೋನಿನ ಹಾಡು ಅಂಗಡಿಯ ಗಾಜು ಅದುರುವಂತೆ ಸ್ಪೀಕರಿನಿಂದ ಹೊರಬಿತ್ತು.

ಟೀಚರಮ್ಮನ ಮುಖ ಅರಳಿತು. ಇಷ್ಟೆಲ್ಲ ಆದರೂ ಅವರಿಗೆ ಸಿಟ್ಟೇ ಬಂದಿರಲಿಲ್ಲ, ಪಾಪ ಒಳ್ಳೆಯ ಹೆಂಗಸು. ಸ್ಪೀಕರನ್ನು ಎತ್ತಿಕೊಂಡು, ದನಿಯನ್ನು ಇನ್ನಷ್ಟು ಏರಿಸಿ, ಅವನ ಕೆಂಪಗಿನ ಕಣ್ಣುಗಳನ್ನು ನೋಡಿ ನಿಜವಾದ ಕನಿಕರದಿಂದ ಹೇಳಿದರು:

"ರಾತ್ರಿ ಕೆಲಸ ಇದೆ ಅಂತಿದ್ರಲ್ಲ ಸಾರ್, ಹೋಗಿ ನೆಮ್ಮದಿಯಾಗಿ ಮಲಗಿ. ಇನ್ನು ನಮಗೇನೂ ತೊಂದರೆ ಇಲ್ಲ."