ಅಂಗುಳಿನ ಗಂಟೂ ಮುಟ್ಟದ ಫುಫುವೂ

ಕುಮಾಸಿ ಪಟ್ಟಣದ ದರ್ಜಿ ಅಂಪೋಫೊ ಆಸ್ಪತ್ರೆಯ ಹೆಸರೆತ್ತಿದರೆ ಬೆವರುವ ಪುಕ್ಕಲ. ಅಂಥವನ ನಾಲಗೆಗೆ ಒಂದು ದಿನ ಅಂಗುಳಿನ ನಟ್ಟನಡುವೆ ಕಡಲೆಬೀಜದಷ್ಟು ಗಟ್ಟಿ ಗಂಟೊಂದು ತಗುಲಿತು. ನೋವಿಲ್ಲ, ಕೀವಿಲ್ಲ. ಆದರೂ ಅವನು ಮನಸ್ಸಿನಲ್ಲೇ ಸತ್ತುಹೋದ. (ತನ್ನ ಸಾವಿಗೆ ನೆಂಟರು ಉಡುವ ಕೆಂಪು-ಕಪ್ಪು ಬಟ್ಟೆಯ ಹೊಲಿಗೆಯೆಲ್ಲ ಎದುರಂಗಡಿಯವನ ಪಾಲಾಗುತ್ತದಲ್ಲ ಎಂಬ ಸಂಕಟ ಬೇರೆ.)

ಹೇಳಿದರೆ ಎಲ್ಲಿ ಡಾಕ್ಟರ ಹತ್ತಿರ ಎಳೆದೊಯ್ಯುತ್ತಾರೋ ಎಂದು ತುಟಿ ಹೊಲಿದುಕೊಂಡ. ಬಿಸಿ ಸಾರು ತಾಗಿ ಗಂಟು ಕೆರಳೀತೆಂದು, ಹೆಂಡತಿ ಸೆರ್ವಾ ಬೆವರು ಸುರಿಸಿ ಮರಗೆಣಸು ಕುಟ್ಟಿ ಮಾಡಿದ ಫುಫು ಮುದ್ದೆಯನ್ನು ಸಾರಿನ ಸಮೇತ ದಿನಾ ಸಂಜೆ ಪಕ್ಕಕ್ಕೆ ತಳ್ಳಿದ. ಅಂಗಡಿಯಲ್ಲಿ ಕದ್ದು ತಣ್ಣನೆಯ ಗಂಜಿ ಕುಡಿದ. ಆ ಊರಿನಲ್ಲಿ ಗಂಡ ಸಂಜೆಯೂಟ ಬಿಟ್ಟನೆಂದರೆ ಬೇರೆ ಯಾವಳೋ ಬಡಿಸುತ್ತಿದ್ದಾಳೆಂದೇ ಲೆಕ್ಕ.

"ಯಾರ್ರೀ ಅವಳು?"

"ಯಾರೂ ಇಲ್ಲ ಕಣೇ. ಹೊಟ್ಟೆ ತುಂಬಿದೆ."

"ಅದನ್ನೇ ಕೇಳ್ತಿರೋದು. ತುಂಬಿಸಿದ್ದು ಯಾರು?"

ಭಾನುವಾರ ಸೆರ್ವಾಳ ಸೋದರಮಾವ ಬೆದಿಯಾಕೊ ಹಿರಿಯರನ್ನು ಕರೆತಂದು ಪಂಚಾಯಿತಿ ಕೂಡಿಸಿದ. ಮದುವೆ ಮುರಿಯುವ ಮಾತು ಬಂದದ್ದೇ ತಡ, ಅಂಪೋಫೊ ಬಾಯಿ ಅಗಲಿಸಿ, ಊಟ ಬಿಡಿಸಿದ ಗಂಟನ್ನು ತೋರಿಸಿದ. ಮಾವ ಮೊಬೈಲಿನ ಬೆಳಕು ಬಿಟ್ಟು ನೋಡಿ "ಅಯ್ಯೋ ಪಾಪ" ಎಂದ.

"ನನ್ನ ಹತ್ರಾನೂ ಮುಚ್ಚಿಟ್ರಲ್ಲ" ಎಂದು ಸೆರ್ವಾ ಅವನ ತಲೆ ಸವರಿ ಗೊಳೋ ಎಂದು ಅತ್ತಳು. ಸಾಯುವುದೂ ಇಷ್ಟು ಸುಖವೇ ಎಂದು ಅಂಪೋಫೊಗೆ ಹಾಯೆನಿಸಿತು.

ಮರುದಿನ ಇಡೀ ದಂಡು ಹಲ್ಲಿನ ಡಾಕ್ಟರಮ್ಮನ ಮುಂದೆ ನಿಂತಿತು. ಆಕೆ ಬೆರಳಾಡಿಸಿ, ಎಕ್ಸ್‌ರೇ ತೆಗೆದು, ನಕ್ಕಳು.

"ಇದು ಬರೀ ಮೂಳೆ. ಎಷ್ಟೋ ಜನಕ್ಕಿರುತ್ತೆ. ಏನೂ ಮಾಡ್ಬೇಕಿಲ್ಲ. ಮುಂದೆ ಹಲ್ಲಿನ ಸೆಟ್ ಸರಿಯಾಗಿ ಕೂರದಿದ್ರೆ, ಪದೇ ಪದೇ ಹುಣ್ಣಾದ್ರೆ, ಆಗ ತೆಗೆಯೋಣ."

"ಊಟಕ್ಕೇನಾದ್ರೂ ತೊಂದ್ರೆನಾ?" ಸೆರ್ವಾ ಕಣ್ಣೊರೆಸಿಕೊಂಡಳು.

"ಏನೇನೂ ಇಲ್ಲಮ್ಮ. ಎಷ್ಟೋ ವರ್ಷದಿಂದ ಇದೆ ಇದು. ಇಷ್ಟು ದಿನ ಉಂಡಿಲ್ವಾ?"

ಸೆರ್ವಾಳ ಅಳು ನಿಂತಿತು. ಮಾವನ ಹುಬ್ಬು ಮೇಲೇರಿತು.

"ಕೇಳಿಸ್ಕೊಂಡ್ರಾ ಮಾವ? ಗಂಟು ಹಳೇದಂತೆ. ಊಟ ಬಿಟ್ಟಿದ್ದು ಮಾತ್ರ ಹೊಸದು." ಅವಳು ಗಂಡನತ್ತ ತಿರುಗಿದಳು. "ಈಗ ಹೇಳಿ. ಯಾರ್ರೀ ಅವಳು?"

ಅಂಪೋಫೊಗೆ ನಿಜವಾಗಿ ಭಯವಾದದ್ದು ಆಗಲೇ. ಅವನು ಡಾಕ್ಟರಮ್ಮನಿಗೆ ಕೈಮುಗಿದ.

"ತಾಯೀ, ಹೆಂಗಾದ್ರೂ ಮಾಡಿ ಇವತ್ತೇ ಕೊಯ್ದುಬಿಡಿ. ದೊಡ್ಡ ಕಾಯಿಲೆ ಅಂತ ಒಂದು ಮಾತು ಹೇಳಿ."

"ಛೆ ಛೆ, ಕಾಯಿಲೆ ಇಲ್ಲದೆ ಕೊಯ್ಯೋಕಾಗುತ್ತಾ?" ಆಕೆ ಅವನ ಬೆನ್ನು ತಟ್ಟಿದಳು. "ಧೈರ್ಯವಾಗಿ ಹೆಂಡತಿ ಜೊತೆ ಮನೆಗೆ ಹೋಗಿ."