ಧ್ವನಿಗ್ರಹಣ ಪ್ರಶಸ್ತಿಗೆ ನನ್ನದೊಂದು ಮತ

ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳಬೇಕಾದರೆ ಮೊದಲು ಆ ಸಿನಿಮಾ ನೋಡಿರಬೇಕು ಎಂಬ ಕಾಯಿದೆ ಎಲ್ಲೂ ಇದ್ದಂತಿಲ್ಲ. ಇದ್ದಿದ್ದರೆ ನನ್ನ ಬಾಯಿಗೆ ಎಂದೋ ಬೀಗ ಬೀಳುತ್ತಿತ್ತು. ನಾನಿರುವುದು ಅಂಕೋಲೆಯ ಹತ್ತಿರದ ಮಂಜಗುಣಿಯಲ್ಲಿ, ಗಂಗಾವಳಿ ಹೊಳೆ ಕಡಲಿಗೆ ಸೇರುವ ಕಡೆ. ನೌಕರಿ ಕಾರವಾರದ ಒಂದು ಕಚೇರಿಯಲ್ಲಿ. ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ಗೆದ್ದು, ಸೋತು, ಅದರ ನಾಯಕನಟ ಮುಂದಿನ ಚಿತ್ರಕ್ಕೆ ಗಡ್ಡ ಬಿಟ್ಟು ಮುಗಿದ ಮೇಲೆ ನಮ್ಮ ಕಡೆ ಬರುತ್ತದೆ, ಬಂದರೆ. ಅಲ್ಲಿಯ ತನಕ ಅಭಿಪ್ರಾಯವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರಲು ನನ್ನಿಂದ ಆಗುವುದಿಲ್ಲ. ಟ್ರೇಲರ್ ನೋಡುತ್ತೇನೆ, ಪೋಸ್ಟರ್ ನೋಡುತ್ತೇನೆ, ಮೊಬೈಲಿನಲ್ಲಿ ನಾಲ್ಕು ಜನರ ಜಗಳ ಓದುತ್ತೇನೆ. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಲದೇ? ನನ್ನ ಹೆಂಡತಿ ಮಾತ್ರ, ನೀವು ಅಗುಳನ್ನೂ ಮುಟ್ಟುವುದಿಲ್ಲ, ಪಾತ್ರೆಯ ಮುಚ್ಚಳ ನೋಡಿಯೇ ಹೇಳುತ್ತೀರಿ ಎನ್ನುತ್ತಾಳೆ.

ನನ್ನ ವಿಮರ್ಶೆಗಳನ್ನು ಕೇಳುವ ಭಾಗ್ಯ ಹೆಚ್ಚಾಗಿ ದಾಮೋದರನದು. ಅವನು ಬಿಣಗಾದ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಮನೆ ಅಂಕೋಲೆಯಲ್ಲಿ. ಇಬ್ಬರಿಗೂ ಬೆಳಿಗ್ಗೆ ಒಂದೇ ಬಸ್ಸು. ಅಂಕೋಲೆಯಿಂದ ಬಿಣಗಾ ತನಕ ನಾನು ಮಾತಾಡುತ್ತೇನೆ, ಅವನು ಕಿಟಕಿಯ ಹೊರಗೆ ನೋಡುತ್ತ ತಲೆಯಾಡಿಸುತ್ತಾನೆ. ಅವನು ಇಳಿದ ಮೇಲೆ ಕಾರವಾರ ತನಕ ಉಳಿದ ಅಭಿಪ್ರಾಯಗಳನ್ನು ನಾನೇ ನುಂಗಿಕೊಳ್ಳಬೇಕು. ಈ ವರ್ಷದ ಚಿತ್ರಗಳ ಬಗ್ಗೆ ನನ್ನ ತೀರ್ಪು ಬಿಣಗಾದ ತಿರುವಿನೊಳಗೆ ಮುಗಿಯುವಂಥದ್ದಲ್ಲ. ಮೊದಲನೆಯದಾಗಿ, ಎಲ್ಲ ಕಥೆಗಳನ್ನೂ ಎರಡು ಭಾಗ ಮಾಡುವ ರೋಗ ಬಂದಿದೆ. ಮೊದಲ ಭಾಗದ ಕೊನೆಯಲ್ಲಿ ನಾಯಕ ಹೊಗೆಯೊಳಗಿಂದ ನಡೆದು ಬರುತ್ತಾನೆ, ಎರಡನೆಯ ಭಾಗದಲ್ಲಿ ಹೊಗೆಯೊಳಗೆ ನಡೆದು ಹೋಗುತ್ತಾನೆ. ಇನ್ನು ಕರಾವಳಿಯ ಕಥೆ ಎಂದು ಬರುವವುಗಳಲ್ಲಿ ಕಾರವಾರದ ಮೀನುಗಾರ ಮಂಗಳೂರಿನ ಕನ್ನಡ ಮಾತಾಡುತ್ತಾನೆ, ಅವನ ಹೆಂಡತಿ ಬಂಗಡೆಯನ್ನು ಬದನೆಕಾಯಿಯ ಹಾಗೆ ಹಿಡಿದು ಕೊಯ್ಯುತ್ತಾಳೆ. ದಾಮು ಇದಕ್ಕೆಲ್ಲ, ಹೊಡೆದಾಟ ಚಲೋ ಅದ್ಯಾ ಇಲ್ಲಾ ಅಷ್ಟು ಹೇಳು ಮಾರಾಯ ಎನ್ನುತ್ತಾನೆ. ಅವನ ರುಚಿ ಅಷ್ಟೇ.

ಪ್ರಶಸ್ತಿಯ ಹಂಗಾಮು ಬಂತೆಂದರೆ ನನ್ನ ಉಮೇದು ಇನ್ನೂ ಹೆಚ್ಚು. ನಟನಾ ಪ್ರಶಸ್ತಿ ತೂಕ ಇಳಿಸಿದವನಿಗೋ ಏರಿಸಿದವನಿಗೋ ಎಂಬುದು ಮಾತ್ರ ಪ್ರಶ್ನೆ. ಇದ್ದ ಹಾಗೆ ಇದ್ದವನಿಗೆ ಯಾರೂ ಕೊಡುವುದಿಲ್ಲ. ಬಾಲನಟರ ಪ್ರಶಸ್ತಿ ಮಾತಾಡದ ಮಗುವಿಗೆ. ಹೀಗೆ ಪ್ರತಿ ವರ್ಷ ನಾನು ಹೇಳುವ ಭವಿಷ್ಯ ಪ್ರತಿ ವರ್ಷ ಸುಳ್ಳಾಗುತ್ತದೆ, ಅದು ತೀರ್ಪುಗಾರರ ತಪ್ಪು. ಥಿಯೇಟರಿನಲ್ಲಿ ಹೇಗೆ ಕೂರಬೇಕು ಎಂಬ ಬಗ್ಗೆಯೂ ನನಗೆ ಕಟ್ಟುನಿಟ್ಟಾದ ಅಭಿಪ್ರಾಯ ಇದೆ. ಮಾತಾಡಬಾರದು. ಎದ್ದು ನಿಲ್ಲಬಾರದು. ಒಮ್ಮೆ ನನ್ನ ಮುಂದಿನ ಸಾಲಿನಲ್ಲಿ ಒಬ್ಬರು ಚಪ್ಪಲಿ ಹುಡುಕಲು ಎದ್ದು ನಿಂತರೆಂದು ನಾನು ಮಾಡಿದ ಉಪದೇಶ ಕ್ಲೈಮ್ಯಾಕ್ಸಿಗಿಂತ ಉದ್ದವಾಯಿತು ಎಂದು ದಾಮು ಈಗಲೂ ನೆನಪು ಮಾಡುತ್ತಾನೆ.

ಇಂಥ ನಾನು ಈ ಸಲ ನಟ, ನಟಿ, ನಿರ್ದೇಶಕ ಎಲ್ಲರನ್ನೂ ಬಿಟ್ಟು ಧ್ವನಿಗ್ರಹಣದ ಪ್ರಶಸ್ತಿಯೊಂದನ್ನೇ ಹಿಡಿದು ಕೂತದ್ದು ದಾಮುವಿಗೆ ಆಶ್ಚರ್ಯ. ಟಿವಿಯಲ್ಲಿ ಧ್ವನಿಗ್ರಹಣದ ಹೆಸರು ಓದುವಾಗ ಜನ ನೀರು ಕುಡಿಯಲು ಏಳುತ್ತಾರೆ, ಅಂಥದ್ದಕ್ಕೆ ಇವನೇಕೆ ಜೀವ ಬಿಡುತ್ತಾನೆ ಎಂದು ಅವನಿಗೆ. ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು, ಹೊಳೆಗೆ ಸೇತುವೆ ಇಲ್ಲದ ದಿನಗಳಿಗೆ. ಆಗ ಮಂಜಗುಣಿಯಿಂದ ಆಚೆ ದಡದ ಗಂಗಾವಳಿ ಊರಿಗೆ ದಾಟಲು ದೋಣಿಯೇ ಗತಿ. ಅದಕ್ಕೆ ನಮ್ಮ ಕಡೆ ತಾರಿ ಎನ್ನುತ್ತಾರೆ. ಆ ತಾರಿಯನ್ನು ನಂಬಿಕೊಂಡು ಒಂದು ಸಿನಿಮಾ ತಂಡ ನಮ್ಮೂರಿಗೆ ಬಂತು. ಊರು ಬಿಟ್ಟು ಹೋಗುವ ಒಬ್ಬ ಹುಡುಗ ದಡದಲ್ಲಿ ಸುಮ್ಮನೆ ನಿಂತು ತಾರಿ ಕಾಯುವ ದೃಶ್ಯ. ಮಾತಿಲ್ಲ, ಕತೆಯಿಲ್ಲ, ನಿಂತದ್ದೇ ನಿಂತದ್ದು. ತಾರಿಕಟ್ಟೆಯ ಬೆನ್ನಿಗೇ ನಮ್ಮ ಮನೆ. ನಾನು ರಜೆ ಹಾಕಿ, ಅವರು ಕಟ್ಟಿದ ಹಗ್ಗದ ಹತ್ತಿರ ಎಲ್ಲರಿಗಿಂತ ಮುಂದೆ ನಿಂತಿದ್ದೆ. ಊರಿನ ನಾಯಿಗಳೂ ಸುಮ್ಮನಿದ್ದವು. ಅಷ್ಟರಲ್ಲಿ ನಮ್ಮ ಅಂಗಳದಿಂದ ಆಯಿಯ, ಅಂದರೆ ನನ್ನ ಅಮ್ಮನ, ಕೂಗು ಬಂತು, ಮಾಬ್ಲಾ, ಊಟಕ್ಕೆ ಬಾರಾ ಎಂದು.

ನಮ್ಮ ಆಯಿಯ ದನಿಯ ಬಗ್ಗೆ ಹೇಳಬೇಕು. ಅವಳು ಅಂಗಳದಲ್ಲಿ ನಿಂತು ಕರೆದರೆ ತಾರಿಯಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಆ ಕೂಗು ಕೇಳಿಯೇ ಅನ್ನ ಬಸಿಯುವುದಿತ್ತು. ನನಗೆ ಐವತ್ತು ದಾಟಿದರೂ, ಮೇಜಿನ ಮೇಲೆ ನನ್ನ ಹೆಸರಿನ ಫಲಕ ಬಂದರೂ, ಆ ಕೂಗು ಕಿವಿಗೆ ಬಿದ್ದರೆ ಕಾಲು ತಲೆಯನ್ನು ಕೇಳದೆ ಓಡುತ್ತಿತ್ತು. ಅವತ್ತೂ ಓಡಿತು. ಹಗ್ಗ ಹಾರಿ, ಕ್ಯಾಮರಾದ ಎದುರಿನಿಂದಲೇ, ದುಃಖದಲ್ಲಿ ನಿಂತಿದ್ದ ನಾಯಕನನ್ನು ಬಳಸಿಕೊಂಡು ನಾನು ಊಟಕ್ಕೆ ಹೋದೆ. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತರಂತೆ. ಆದರೆ ಶಬ್ದ ಹಿಡಿಯುವ ಹುಡುಗ ಕಿವಿಯ ಮೇಲಿನದನ್ನು ತೆಗೆದು, ಆ ಕೂಗು ತನಗೆ ಬೇಕು ಎಂದು ಹಟ ಹಿಡಿದ. ನಾನು ಎರಡನೆಯ ತುತ್ತು ಎತ್ತುವಾಗ ಎಲ್ಲರೂ ನಮ್ಮ ಅಂಗಳದಲ್ಲಿದ್ದರು.

ಇನ್ನೊಮ್ಮೆ ಹಾಗೆಯೇ ಕರೆಯಿರಿ ಎಂದು ಅವರು ಆಯಿಗೆ ವಿನಯದಿಂದ ಕೇಳಿದರು. ಆಯಿ ನನ್ನ ಕಡೆ ನೋಡಿದಳು, ಅವರ ಕಡೆ ನೋಡಿದಳು. “ಅಲ್ದಾ ತಮಾ, ಅವ ಇಲ್ಲೇ ಕೂತು ಉಣ್ತಾ ಇದ್ದಾನೆ. ಇದ್ದವನ್ನ ಯಾರಾದ್ರೂ ಕರೀತಾರಾ?” ಎಂದಳು. ಎಷ್ಟು ಹೇಳಿದರೂ ಒಪ್ಪಲಿಲ್ಲ. ಸುಳ್ಳು ಸುಳ್ಳೇ ಮಗನನ್ನು ಊಟಕ್ಕೆ ಕರೆಯುವುದು ಅವಳಿಗೆ ಅಪಶಕುನದ ಮಾತು. ಅವರು ಗುಸುಗುಸು ಮಾಡಿಕೊಂಡು ಒಂದು ಉಪಾಯ ಹೂಡಿದರು. ಮರುದಿನ ಊಟದ ಹೊತ್ತಿಗೆ ಸರಿಯಾಗಿ, ಏನೋ ನೆಪ ಹೇಳಿ ನನ್ನನ್ನು ತಾರಿ ಹತ್ತಿಸಿ ಆಚೆ ದಡಕ್ಕೆ ಸಾಗಿಸಿದರು. ಜೊತೆಗೆ ಇಬ್ಬರು ಗಟ್ಟಿ ಆಳುಗಳು, ಅಕಸ್ಮಾತ್ ನಾನು ಹೊಳೆಗೆ ಹಾರಿದರೆ ಹಿಡಿಯಲು.

ಆಚೆ ದಡದಲ್ಲಿ ಮಧ್ಯಾಹ್ನದ ಗಾಳಿ ಎದ್ದಿತ್ತು, ಕಡಲಿನ ಮೊರೆತ ಬೇರೆ. ಹೊಳೆಯಾಚೆ ನಮ್ಮ ಅಂಗಳ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಆಯಿ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿಯ ಪಕ್ಕ ಕೈ ಹಿಡಿದು ನಿಂತಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೈ ಹಿಡಿದಳು. ಆಮೇಲೆ ಕೈ ಇಳಿಸಿ ಹಾಗೇ ನಿಂತಿದ್ದಳು. ನನಗೆ ಒಂದಕ್ಷರವೂ ಕೇಳಲಿಲ್ಲ. ಸಿನಿಮಾದಲ್ಲಿ ಶಬ್ದ ಸರಿಯಿಲ್ಲ ಎಂದು ಜೀವಮಾನವಿಡೀ ದೂರಿದವನಿಗೆ ದೇವರು ಒಂದು ಮೂಕಿ ಚಿತ್ರ ತೋರಿಸಿದ. ವಾಪಸು ಬಂದಾಗ ಶಬ್ದದ ಹುಡುಗ ಮರದ ಬುಡದಲ್ಲಿ ಒಬ್ಬನೇ ಕೂತಿದ್ದ. ಹೇಗೆ ಬಂತು ಎಂದು ಕೇಳಿದೆ. ಥಿಯೇಟರಿನಲ್ಲಿ ಕೇಳಿ ಸರ್ ಎಂದ. ಆಯಿ ಮಾತ್ರ ಊಟದ ಹೊತ್ತಿಗೆ ಹೊಳೆ ದಾಟಿದ್ದಕ್ಕೆ ನನ್ನನ್ನು ಸಂಜೆ ತನಕ ಬೈದಳು.

ಅದಾಗಿ ಮುಂದಿನ ಮಳೆಗಾಲಕ್ಕೆ ಆಯಿಯ ಗಂಟಲಿನ ಗಡ್ಡೆ ತೆಗೆಸಬೇಕಾಯಿತು. ದನಿಗೆ ತೊಂದರೆಯಾಗಬಹುದು ಎಂದು ಡಾಕ್ಟರರು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಜೀವ ಉಳಿದದ್ದು ದೊಡ್ಡದು. ಈಗ ಅವಳು ಮಾತಾಡಿದರೆ ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುತ್ತದೆ. ಊಟಕ್ಕೆ ಕರೆಯಲು ಸ್ಟೀಲಿನ ತಾಟಿಗೆ ಸೌಟು ಬಡಿಯುತ್ತಾಳೆ. ಆ ಸದ್ದಿಗೆ ನಾನು ಹೋಗುತ್ತೇನೆ, ಹೋಗದೆ ಏನು, ಆದರೆ ಕಾಗೆಗಳೂ ಬರುತ್ತವೆ. ತಾಟಿಗೆ ನನ್ನ ಹೆಸರು ಗೊತ್ತಿಲ್ಲ. ಮಾಬ್ಲ ಎಂದು ನನ್ನನ್ನು ಕೂಗುವವರು ಜಗತ್ತಿನಲ್ಲಿ ಒಬ್ಬಳೇ ಇದ್ದಳು, ಕಚೇರಿಯಲ್ಲಿ ನಾನು ಮಹಾಬಲೇಶ್ವರ. ಕೆಲವು ಭಾನುವಾರ ಬೇಕೆಂದೇ ತಾರಿಕಟ್ಟೆಯ ಹತ್ತಿರ ಹೋಗಿ ನಿಲ್ಲುತ್ತೇನೆ, ಕಿವಿ ಮನೆಯ ಕಡೆ ಇಟ್ಟುಕೊಂಡು. ಆ ಕೂಗು ಒಂದು ಸಲ ಕೇಳಿದ್ದರೆ ಎಂದು ಎಷ್ಟು ಆಸೆಯಾಗುತ್ತದೆಂದು ಹೇಳಲು ನಾಚಿಕೆ, ನನ್ನ ಮಗಳಿಗೇ ಮದುವೆಯ ವಯಸ್ಸು.

ಇಷ್ಟಾದ ಮೇಲೆ ಆ ಚಿತ್ರದ ಮೇಲೆ ನನಗೆ ಎಂಥ ಪ್ರೀತಿ ಇರಬೇಡ! ಚಿತ್ರವೋ ಹೊರಗೆ ಬರಲೊಲ್ಲದು. ಯಾವುದೋ ಉತ್ಸವದಲ್ಲಿ ತೋರಿಸಿದರಂತೆ, ಇನ್ಯಾವುದೋ ದೇಶದಲ್ಲಿ ಮೆಚ್ಚಿದರಂತೆ. ನಮ್ಮ ದಡವನ್ನು ಯಾರ್ಯಾರೋ ನೋಡಿದರು, ದಡದವರು ನೋಡಲಿಲ್ಲ. ಈ ವರ್ಷ ಪ್ರಶಸ್ತಿಗೆ ಸ್ಪರ್ಧೆಯಲ್ಲಿದೆ ಎಂಬ ಸುದ್ದಿ ಓದಿದ್ದೇ ತಡ, ನನ್ನ ಪ್ರಚಾರ ಶುರುವಾಯಿತು. ಒಂದು ಪ್ರಶಸ್ತಿ ಬಂದರೆ ಥಿಯೇಟರಿನವರು ಕಣ್ಣೆತ್ತಿ ನೋಡುತ್ತಾರಲ್ಲ ಎಂಬ ಲೆಕ್ಕ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಮೀನು ಪೇಟೆಯಲ್ಲಿ ಧ್ವನಿಗ್ರಹಣದ ಮಹತ್ವ ವಿವರಿಸಿದೆ. ತೀರ್ಪುಗಾರರ ಪೈಕಿ ಯಾರೂ ಅಂಕೋಲೆ ಬಸ್ಸಿನಲ್ಲಿ ಬರುವುದಿಲ್ಲ ಎಂದು ದಾಮು ನೆನಪಿಸಬೇಕಾಯಿತು.

ನನ್ನ ಪುಣ್ಯಕ್ಕೆ ಪ್ರಶಸ್ತಿಗೆ ಮೊದಲೇ, ಒಂದು ಭಾನುವಾರ, ಕಾರವಾರದಲ್ಲಿ ಒಂದೇ ಒಂದು ಆಟ ಎಂದು ಗೊತ್ತಾಯಿತು. ಆದರೆ ಹತ್ತು ಜನವಾದರೂ ಆಗದಿದ್ದರೆ ಆಟವಿಲ್ಲ ಎಂದು ಥಿಯೇಟರಿನವರು ಫೋನಿನಲ್ಲೇ ಹೇಳಿದರು. ಕಲಾತ್ಮಕ ಚಿತ್ರಕ್ಕೆ ಹತ್ತು ಜನರನ್ನು ಕೂಡಿಸುವ ಕಷ್ಟ ಮದುವೆಗೆ ಹುಡುಗನನ್ನು ಹುಡುಕಿದವರಿಗೆ ಗೊತ್ತು. ಹೆಂಡತಿಯ ತವರಿನವರು ಕಾರವಾರದ ಹತ್ತಿರದ ಚಿತ್ತಾಕುಲದಲ್ಲಿದ್ದಾರೆ. ಅವರಿಗೆ ಚಿತ್ರದಲ್ಲಿ ನಾನೂ ಇದ್ದೇನೆ ಎಂದು ಹೇಳಿದೆ, ಇದ್ದೆನಲ್ಲ, ಕತ್ತರಿಸಿದರೆ ನಾನೇನು ಮಾಡಲಿ. ದಾಮುವಿಗೆ ಕೊನೆಯಲ್ಲಿ ಹೊಡೆದಾಟ ಇರಬಹುದು ಎಂದೆ. ಆಯಿಗೆ ನಮ್ಮ ತಾರಿ ನೋಡಬಹುದು ಎಂದೆ, ಅಷ್ಟೇ. ಅವಳ ಕೂಗಿನ ವಿಷಯ ಅವಳಿಗೆ ಹೇಳಿಯೇ ಇರಲಿಲ್ಲ. ಅವರು ಅದನ್ನು ಹಿಡಿದುಕೊಂಡು ಹೋದದ್ದೂ ಅವಳಿಗೆ ಗೊತ್ತಿರಲಿಲ್ಲ.

ದೀಪ ಆರಿತು. ಆಯಿ ನನ್ನ ಪಕ್ಕದಲ್ಲಿ, ಅವಳ ಆಚೆ ನನ್ನ ಹೆಂಡತಿ, ದಾಮು ನಮ್ಮ ಹಿಂದಿನ ಸಾಲಿನಲ್ಲಿ. ಬಹಳ ಹೊತ್ತಿನ ಮೇಲೆ ಆ ದೃಶ್ಯ ಬಂತು. ನಮ್ಮ ದಡ, ನಮ್ಮ ತಾರಿ, ಬೆನ್ನು ಹಾಕಿ ನಿಂತ ಹುಡುಗ. ಹಿಂದಿನಿಂದ ಕೂಗು ಬಂತು. “ಮಾಬ್ಲಾ, ಊಟಕ್ಕೆ ಬಾರಾ.” ಮೊದಲಿನದೇ ದನಿ, ತಾರಿಯವರನ್ನು ತಿರುಗಿಸುವಂಥದ್ದು. ಸ್ವಲ್ಪ ಬಿಟ್ಟು ಎರಡನೆಯದು, “ಮಾಬ್ಲಾ, ಎಲ್ಲಿ ಹೋದ್ಯಾ, ಸಾರು ಆರ್ತದೆ.” ಇವೆರಡನ್ನೂ ನಾನು ಬಲ್ಲೆ, ಹುಟ್ಟಿದಾಗಿನಿಂದ ಬಲ್ಲೆ. ಹುಡುಗ ಕದಲಲಿಲ್ಲ. ನೀರಿನ ಸದ್ದು. ಆಮೇಲೆ ಮೂರನೆಯದು ಬಂತು. ಬರೀ “ಮಾಬ್ಲಾ” ಎಂದು, ಮೆಲ್ಲಗೆ, ಅದು ಕೂಗೂ ಅಲ್ಲ, ತನಗೆ ತಾನೇ ಹೇಳಿಕೊಂಡ ಹಾಗೆ. ಯಾವತ್ತೂ ಎರಡನೆಯ ಕೂಗಿನೊಳಗೇ ಓಡಿಹೋಗುತ್ತಿದ್ದ ನನಗೆ ಮೂರನೆಯದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ನಾನು ಬಾರದಿದ್ದಾಗ ಅವಳ ದನಿ ಹೀಗಾಗುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ನಾನು ಎದ್ದು ನಿಂತಿದ್ದೆ. “ಬಂದೆ ಆಯೀ” ಎಂದದ್ದು ಗಟ್ಟಿಯಾಗಿಯೇ ಇರಬೇಕು, ಹಿಂದಿನಿಂದ ಯಾರೋ, ಹೋಯ್, ಕೂತ್ಕಳಿ ಮಾರಾಯ್ರೇ ಎಂದರು. ಆಯಿ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದಳು. ಬಗ್ಗಿದರೆ ಮಾತ್ರ ಕೇಳುವ ಆ ಪಿಸುದನಿಯಲ್ಲಿ ಹೇಳಿದಳು: “ಕೂತ್ಕಾ. ಕರೀತಾ ಇರೂದು ಆ ಹುಡುಗನ ಆಯಿ. ನಿನ್ನ ಆಯಿ ಇಲ್ಲೇ ಇದ್ದಾಳೆ.”

ಕೂತೆ. ಮುಂದೆ ಚಿತ್ರದಲ್ಲಿ ಏನಾಯಿತೆಂದು ನನ್ನನ್ನು ಕೇಳಬೇಡಿ. ಆಯಿ ಮಾತ್ರ ಕೊನೆಯ ತನಕ ಕಣ್ಣು ಮಿಟುಕಿಸದೆ ನೋಡಿದಳು, ಆ ಹುಡುಗ ಯಾವಾಗ ಊಟಕ್ಕೆ ಬರುತ್ತಾನೆ ಎಂದು. ಅವನು ಬರಲಿಲ್ಲ, ಊರು ಬಿಟ್ಟೇ ಹೋದ. ಹೊರಗೆ ಬಂದ ಮೇಲೆ ನನ್ನ ಹೆಂಡತಿ, ಚಿತ್ರ ಚಲೋ ಇತ್ತಾ ಎಂದು ಆಯಿಯನ್ನು ಕೇಳಿದಳು. “ಎಂಥ ಚಲೋ?” ಎಂದಳು ಆಯಿ. “ಅವಳು ಕೂಗಿ ಕೂಗಿ ಗಂಟಲು ಹೋಯ್ತು. ಅವ ಉಣ್ಲೇ ಇಲ್ಲ.”

ಮರುದಿನ ಬಸ್ಸಿನಲ್ಲಿ ಬಿಣಗಾ ತನಕ ದಾಮುವಿನ ಬದಲು ನಾನೇ ಕಿಟಕಿಯ ಹೊರಗೆ ನೋಡಿದೆ. ಇಳಿಯುವಾಗ ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ಸೌಂಡಿಗೇ ಕೊಡ್ಬೇಕು ಮಾರಾಯ ಎಂದು ಹೇಳಿ ಇಳಿದ. ಕಚೇರಿಯಲ್ಲಿ ಪಕ್ಕದ ಮೇಜಿನವರು ಎಂದಿನಂತೆ ವಿಮರ್ಶೆಗೆ ಕಾದಿದ್ದರು. ಕಥೆ ಹೇಗೆ, ನಟನೆ ಹೇಗೆ, ಕ್ಯಾಮರಾ ಹೇಗೆ ಎಂದು ಕೇಳಿದರು. ನೋಡದ ಚಿತ್ರಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಿದವನಿಗೆ ನೋಡಿ ಬಂದ ಚಿತ್ರದ ಬಗ್ಗೆ ಒಂದು ಮಾತೂ ಹೊರಡಲಿಲ್ಲ. ಕೊನೆಗೆ ಮರ್ಯಾದೆ ಉಳಿಸಿಕೊಳ್ಳಲು, ಚಿತ್ರ ಪರವಾಗಿಲ್ಲ, ಆದರೆ ಒಳ್ಳೆಯ ದೃಶ್ಯ ಬರುವ ಹೊತ್ತಿಗೇ ಯಾರೋ ಒಬ್ಬ ಎದ್ದು ನಿಂತು ಕೂಗಿದ, ಇಂಥವರನ್ನೆಲ್ಲ ಥಿಯೇಟರಿನ ಒಳಗೇ ಬಿಡಬಾರದು ಎಂದೆ.